ಎರೆಮಣ್ಣಿಗೆ ಒಗ್ಗದ ಟ್ಯೂಲಿಪ್, ನಮ್ಮದೇ ಆದ ಸುಗಂಧರಾಜ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯ ಪೇಟೆಯಲ್ಲಿ ಟ್ಯೂಲಿಪ್ ಕಣ್ಣಿಗೆ ಬೀಳದೆ ಒಂದು ಬೀದಿ ದಾಟುವುದು ಕಷ್ಟ. ಬೆಡ್‌ಶೀಟಿನ ಮೇಲೆ, ಬಾಗಿಲ ಪರದೆಯಲ್ಲಿ, ಮದುವೆ ಮಂಟಪದ ಪ್ಲಾಸ್ಟಿಕ್ ಹೂವಿನ ಗೊಂಚಲಿನಲ್ಲಿ, ಶುಭಾಶಯದ ಕಾರ್ಡಿನಲ್ಲಿ ಎಲ್ಲೆಲ್ಲೂ ಅದೇ ಬಟ್ಟಲಿನಾಕಾರದ ಹೂ. 1981ರ ‘ಸಿಲ್‌ಸಿಲಾ’ ಚಿತ್ರದ ಹಾಡೊಂದನ್ನು ಹಾಲೆಂಡಿನ ಕ್ಯೂಕೆನ್‌ಹಾಫ್ ತೋಟದಲ್ಲಿ ಚಿತ್ರೀಕರಿಸಿದಾಗಿನಿಂದ ಪ್ರೀತಿ, ಪ್ರವಾಸ, ಸಿರಿವಂತಿಕೆ ಮೂರಕ್ಕೂ ಆ ಹೂವೇ ಗುರುತಾಗಿಬಿಟ್ಟಿದೆ. ಆದರೆ ನೆಲದಿಂದ ಎದ್ದು ನಿಂತ ಟ್ಯೂಲಿಪ್ಪನ್ನು ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಕಂಡವರು ಸಿಗುವುದು ಅಪರೂಪ.

ಕಾರಣ ನಮ್ಮ ಚಳಿ. ಟ್ಯೂಲಿಪ್ ಗಡ್ಡೆಯೊಳಗೆ ಮುಂದಿನ ವರ್ಷದ ಹೂವಿನ ಮೊಗ್ಗು ಬೇಸಿಗೆಯಲ್ಲೇ ರೂಪುಗೊಂಡಿರುತ್ತದೆ. ಆ ಮೊಗ್ಗನ್ನು ಹೊತ್ತು ದಂಟು ಮೇಲೇಳಬೇಕಾದರೆ ಗಡ್ಡೆ ಹನ್ನೆರಡರಿಂದ ಹದಿನಾರು ವಾರ 9 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಮಲಗಿರಬೇಕು. ಘಟಪ್ರಭೆ-ಕೃಷ್ಣೆಯರ ದಂಡೆಯಲ್ಲಿ ಡಿಸೆಂಬರ್ ರಾತ್ರಿ ಎಷ್ಟೇ ಕೊರೆದರೂ ಅಂಥ ಚಳಿ ವಾರಗಟ್ಟಲೆ ನಿಲ್ಲುವುದಿಲ್ಲ. ನೆಟ್ಟರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಬಂದರೂ ನೆಲಕ್ಕಂಟಿದಂತೆ ಕುಬ್ಜವಾಗಿ ಅರಳಿ ಬಾಡುತ್ತದೆ. ಫ್ರಿಜ್ಜಿನಲ್ಲಿಟ್ಟು ತಂಪು ಕೊಡಬಹುದು. ಆದರೆ ಅದೇ ಫ್ರಿಜ್ಜಿನಲ್ಲಿ ಸೇಬು, ಬಾಳೆಹಣ್ಣು ಇರಕೂಡದು. ಹಣ್ಣು ಬಿಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನೇ ಕೊಂದುಬಿಡುತ್ತದೆ. ಇಷ್ಟೆಲ್ಲ ಮಾಡಿ ಕುಂಡದಲ್ಲಿ ಅರಳಿಸಿದರೂ ಆ ಗಡ್ಡೆ ಮರುವರ್ಷ ಹೂ ಕೊಡುವ ಭರವಸೆ ನಮ್ಮ ಬಿಸಿಲಲ್ಲಿ ಇಲ್ಲ.

ಈ ಹೂವನ್ನು ಹಾಲೆಂಡಿನದೆಂದು ನಾವು ತಿಳಿದಿದ್ದೇವೆ. ಆದರೆ ಅದರ ತವರು ಮಧ್ಯ ಏಷ್ಯಾದ ಬೆಟ್ಟಸಾಲು. ಕಾಬೂಲಿನ ಸುತ್ತಲ ಗುಡ್ಡಗಳಲ್ಲಿ ಎಷ್ಟು ಬಗೆಯ ಟ್ಯೂಲಿಪ್ ಬೆಳೆಯುತ್ತವೆಂದು ಬಾಬರ್ ಎಣಿಕೆ ಮಾಡಿಸಿದ್ದ; ಮೂವತ್ತಕ್ಕೂ ಹೆಚ್ಚು ಬಗೆ ಸಿಕ್ಕವು. ತುರ್ಕಿಯ ಒಟ್ಟೋಮನ್ನರು ಅದನ್ನು ಅರಮನೆಯ ತೋಟಕ್ಕೆ ತಂದರು, ಇಜ್ನಿಕ್ ಊರಿನ ಹೆಂಚಿನ ಮೇಲೆ ಬರೆದರು, ರೇಷ್ಮೆಯಲ್ಲಿ ನೆಯ್ದರು. ಅಲ್ಲಿಂದ ಯುರೋಪಿಗೆ ಹೋದ ಗಡ್ಡೆಗಳನ್ನು ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಲೈಡನ್ ವಿಶ್ವವಿದ್ಯಾಲಯದ ತೋಟದಲ್ಲಿ ನೆಟ್ಟದ್ದು 1593ರಲ್ಲಿ. ನಲವತ್ತು ಚಿಲ್ಲರೆ ವರ್ಷಗಳಲ್ಲಿ ಡಚ್ಚರು ಇನ್ನೂ ಮಣ್ಣಿನೊಳಗಿದ್ದ ಗಡ್ಡೆಯ ಮೇಲೆ ಕಾಗದದ ವ್ಯಾಪಾರ ನಡೆಸಿ, 1637ರ ಫೆಬ್ರುವರಿಯಲ್ಲಿ ಬೆಲೆ ಕುಸಿದು ಕೈಸುಟ್ಟುಕೊಂಡರು. ಅವರು ಮುಗಿಬಿದ್ದು ಕೊಂಡ ಬಣ್ಣಬಣ್ಣದ ಗೀರಿನ ಹೂಗಳಿಗೆ ಆ ಚೆಲುವು ಬಂದದ್ದು ಸಸ್ಯಹೇನು ಹರಡುವ ಒಂದು ವೈರಸ್ ರೋಗದಿಂದ ಎಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದೇ ಹಾಲೆಂಡಿನ ಜನ 1944-45ರ ಯುದ್ಧದ ಚಳಿಗಾಲದಲ್ಲಿ ಅನ್ನವಿಲ್ಲದೆ ಟ್ಯೂಲಿಪ್ ಗಡ್ಡೆಯನ್ನೇ ಬೇಯಿಸಿ ತಿಂದರು. ಹೂವಿನ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಇದು.

ಲೈಡನ್ನಿನಲ್ಲಿ ಗಡ್ಡೆ ನೆಟ್ಟ ಕಾಲಕ್ಕೆ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ್ ಆಳುತ್ತಿದ್ದ. ನಮ್ಮ ಈ ಸೀಮೆ ಆಗ ಅದೇ ರಾಜ್ಯದ್ದು. ಪರ್ಷಿಯಾ, ತುರ್ಕಿಗಳ ಜೊತೆ ಆ ಆಸ್ಥಾನಕ್ಕೆ ನಂಟಿತ್ತು. ಮೊಗಲರ ಕಡೆ, 1620ರಲ್ಲಿ ಕಾಶ್ಮೀರಕ್ಕೆ ಹೋದ ಜಹಾಂಗೀರ್ ತನ್ನ ಚಿತ್ರಕಾರ ಮನ್ಸೂರನಿಂದ ನೂರಕ್ಕೂ ಹೆಚ್ಚು ಹೂಗಳ ಚಿತ್ರ ಬರೆಸಿದ. ಮನ್ಸೂರನ ಕೆಂಪು ಟ್ಯೂಲಿಪ್ ಇಂದಿಗೂ ಹೆಸರಾಗಿದೆ. ವಿಜಯಪುರದ ಅಸಾರ್ ಮಹಲಿನ ಮೇಲಂತಸ್ತಿಗೆ ಹೋದರೆ ಗೋಡೆಯ ಮೇಲೆ ಬಳ್ಳಿ, ಎಲೆ, ಹೂಗಳ ವರ್ಣಚಿತ್ರ ಈಗಲೂ ಕಾಣುತ್ತವೆ. ತಂಪು ನಾಡಿನ ತೋಟ ಬಿಸಿಲ ನಾಡಿಗೆ ಗಡ್ಡೆಯಾಗಿ ಬರಲಾರದು. ಬಂದರೆ ಗೋಡೆಯ ಮೇಲೆ, ಕಾಗದದ ಮೇಲೆ, ಬಟ್ಟೆಯ ಮೇಲೆ ಬರಬೇಕು.

ಬಟ್ಟೆಯ ವಿಷಯಕ್ಕೆ ಬಂದರೆ ನಮ್ಮ ಕಡೆಯವರು ಯಾರಿಗೂ ಕಮ್ಮಿಯಿಲ್ಲ. ಕಸೂತಿಯನ್ನೇ ನೋಡಿ. ಧಾರವಾಡದಿಂದ ಜಮಖಂಡಿವರೆಗೆ ಮನೆಮನೆಯ ಹೆಣ್ಣುಮಕ್ಕಳು ಬೆಳೆಸಿದ ಕಲೆ ಇದು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ರೂಢಿಯಿಲ್ಲ. ಹಾಸು-ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದೊಂದು ಜಾಗ ಬಿಟ್ಟು ಹೋಗಿ, ಮರಳಿ ಬರುವಾಗ ಆ ಖಾಲಿ ಜಾಗಗಳನ್ನು ತುಂಬುತ್ತ ಬರುತ್ತಾರೆ. ಗಂಟು ಹಾಕುವುದಿಲ್ಲ. ಕೆಲಸ ಮುಗಿದಾಗ ಸೆರಗಿನ ಒಳಗೂ ಹೊರಗೂ ಒಂದೇ ಹೂ. ಎಳೆ ಎಣಿಸಿ ಹಾಕುವುದರಿಂದ ಇಲ್ಲಿನ ತಾವರೆಯೂ ಮೂಲೆ-ಮೊನೆಗಳಿಂದಲೇ ಅರಳಬೇಕು.

ಬನಹಟ್ಟಿಯ ಮಗ್ಗದಲ್ಲೂ ಲೆಕ್ಕ ಇಂಥದ್ದೇ. ಡಾಬಿ ಹಾಕಿದ ಮಗ್ಗದಲ್ಲಿ ಕೆಲವೇ ಬಗೆಯಲ್ಲಿ ಹಾಸಿನ ಎಳೆ ಎತ್ತಬಹುದು, ಹಾಗಾಗಿ ದಡಿಯಲ್ಲಿ ಚಿಕ್ಕ ಚಿಕ್ಕ ಮೊನೆಯ ಹೂಗಳೇ ಕೂರುತ್ತವೆ. ಜಕಾರ್ಡ್ ಬಂದರೆ ಆಟವೇ ಬೇರೆ. ಚೌಕಳಿ ಹಾಳೆಯ ಮೇಲೆ ಹೂ ಬರೆದು, ಅದರಂತೆ ಕಾರ್ಡಿನಲ್ಲಿ ತೂತು ಹೊಡೆಯುತ್ತಾರೆ. ಲಾಳಿ ಓಡುವ ಒಂದೊಂದು ಹೊಕ್ಕಿಗೂ ಒಂದೊಂದು ಕಾರ್ಡು. ಆಗ ಬಾಗಿದ ದಂಟು, ತಿರುಚಿದ ಎಲೆ ಎಲ್ಲವೂ ಸೀರೆಯ ಒಡಲಿಗೆ ಬರುತ್ತವೆ. ಟ್ಯೂಲಿಪ್ ಮಾತ್ರ ಎರಡರಲ್ಲೂ ಸಲೀಸು. ಮೇಲೆ ಮೂರು ಮೊನೆ, ಕೆಳಗೆ ದುಂಡನೆಯ ಬಟ್ಟಲು, ನೆಟ್ಟಗೆ ಒಂದು ದಂಟು. ಇಷ್ಟು ಮೂಡಿದರೆ ಯಾರಾದರೂ ಗುರುತು ಹಿಡಿಯುತ್ತಾರೆ. ಇಜ್ನಿಕ್ಕಿನ ಹೆಂಚಿನಿಂದ ನಮ್ಮ ಬೆಡ್‌ಶೀಟಿನವರೆಗೆ ಅದು ನಡೆದು ಬಂದದ್ದು ಈ ಸರಳ ಮೈಕಟ್ಟಿನ ಬಲದಿಂದಲೇ ಎಂಬುದು ನನ್ನ ನಂಬಿಕೆ.

ಹಸನಾದ ಬದುಕೆಂದರೆ ಮನೆಯಲ್ಲಿ ಒಂದು ಹೂ ಇರಬೇಕು, ನಿಜ. ಅದಕ್ಕಾಗಿ ವಿಮಾನದಲ್ಲಿ ಬಂದ ಗಡ್ಡೆಯ ಹಿಂದೆ ಓಡಬೇಕಿಲ್ಲ. ಶ್ರೀನಗರದ ಟ್ಯೂಲಿಪ್ ತೋಟ ಜಬರ್‌ವಾನ್ ಬೆಟ್ಟದ ಬುಡದಲ್ಲಿದೆ, ಅಲ್ಲಿನ ಹಿಮಕ್ಕೆ ಅದು ಒಪ್ಪುತ್ತದೆ. ಏಪ್ರಿಲ್ ಹೊತ್ತಿಗೆ ಹೋಗಿ ಕಣ್ತುಂಬ ನೋಡಿ ಬರೋಣ. ನಮ್ಮ ಹಿತ್ತಲಿಗೆ ಇನ್ನೊಂದು ಗಡ್ಡೆಹೂವಿದೆ: ಸುಗಂಧರಾಜ. ಅದೂ ಹೊರಗಿನದೇ, ಮೆಕ್ಸಿಕೊ ಮೂಲದ್ದು. ಏಷ್ಯಾದ ಟ್ಯೂಲಿಪ್ ನಮ್ಮ ನೆಲವನ್ನು ಒಲ್ಲೆ ಎಂದಿತು, ಸಾಗರದಾಚೆಯ ಸುಗಂಧರಾಜ ನಮ್ಮವರ ಜಡೆಗೂ ದೇವರ ಕೋಣೆಗೂ ಮದುವೆಯ ಹಾರಕ್ಕೂ ಸೇರಿಹೋಯಿತು. ಹೂಗಾರರ ಬುಟ್ಟಿಯಲ್ಲಿ ಅದನ್ನು ಪರದೇಶಿ ಎಂದು ಯಾರೂ ಬೇರೆ ಇಡುವುದಿಲ್ಲ.

ಬಹುಪಾಲು ಟ್ಯೂಲಿಪ್ಪಿಗೆ ಇಲ್ಲದ್ದು ಸುಗಂಧರಾಜಕ್ಕಿದೆ, ಪರಿಮಳ. ಕಡ್ಡಿಯ ಮೊಗ್ಗು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿರಿಯುತ್ತವೆ, ಸಂಜೆ ಇಳಿದಂತೆ ಗಂಧ ಏರುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶೃಂಗಾರ್, ಪ್ರಜ್ವಲ್, ಸುವಾಸಿನಿ ಎಂಬ ತಳಿಗಳನ್ನು ಕೊಟ್ಟಿದೆ. ಮೊದಲೆರಡು ಒಂಟಿ ಸುತ್ತಿನವು, ಮಾಲೆಗೆ ಒಳ್ಳೆಯವು. ಸುವಾಸಿನಿ ಸುತ್ತುಸುತ್ತಿನ ಎಸಳಿನದು, ಹೂದಾನಿಗೆ ಚೆಂದ. 2008ರಿಂದ ನಮ್ಮ ಜಿಲ್ಲೆಯಲ್ಲೇ, ಬಾಗಲಕೋಟೆಯಲ್ಲಿ, ತೋಟಗಾರಿಕೆಗೆಂದೇ ಒಂದು ವಿಶ್ವವಿದ್ಯಾಲಯವಿದೆ. ಕಬ್ಬಿನ ನಡುವೆ ಬದುಕುವ ಮುಧೋಳ, ಜಮಖಂಡಿಯ ರೈತರು ಬದುವಿನ ಪಕ್ಕದ ಒಂದೆರಡು ಗುಂಟೆಯ ಮಾತಾದರೂ ಅಲ್ಲಿ ಕೇಳಬಹುದು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬಂದವರು ನೆಲೆಸಿದ ಬೀಳಗಿ ಕಡೆಯ ಪುನರ್ವಸತಿ ಕೇಂದ್ರಗಳ ಬಯಲು ಅಂಗಳಕ್ಕಂತೂ ಹೂವಿನ ಮಡಿ ಬೇಕೇ ಬೇಕು.

ಎರೆಮಣ್ಣಿನಲ್ಲಿ ನೀರು ನಿಂತರೆ ಸುಗಂಧರಾಜದ ಗಡ್ಡೆ ಕೊಳೆಯುತ್ತದೆ. ಆದ್ದರಿಂದ ಮಡಿಯನ್ನು ಏರಿಸಿ, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ. ಎರಡು-ಮೂರು ಸೆಂಟಿಮೀಟರ್ ದಪ್ಪದ ಗಡ್ಡೆ ಆರಿಸಿ, ಒಂದಡಿಗೊಂದರಂತೆ ಊರಿ. ಸುಮಾರು ಮೂರು ತಿಂಗಳಿಗೆ ಮೊದಲ ಕಡ್ಡಿ ಬರುತ್ತದೆ, ಒಮ್ಮೆ ಊರಿದ ಮಡಿ ಮೂರು ವರ್ಷದವರೆಗೆ ಹೂ ಕೊಡುತ್ತದೆ. ಟ್ಯೂಲಿಪ್ಪೇ ಬೇಕೆನಿಸಿದರೆ ಪ್ಲಾಸ್ಟಿಕ್ಕಿನದನ್ನು ಕೊಳ್ಳಬೇಡಿ. ಬನಹಟ್ಟಿಗೆ ಹೋಗಿ, ಆ ಹೂವಿನ ದಡಿಯ ಒಂದು ಸೀರೆ ನೆಯ್ದು ಕೊಡಿರೆಂದು ನೇಕಾರರನ್ನು ಕೇಳಿ.