ಜರ್ಮನಿಯ ಸಮವಸ್ತ್ರದ ಬಾಕುಗಳು

ಆಯುಧಗಳಲ್ಲಿ ಕೊಲ್ಲುವುದಕ್ಕೆಂದು ಮಾಡಿದವು ಕೆಲವು. ಮೆರೆಯುವುದಕ್ಕೆಂದು ಮಾಡಿದವು ಕೆಲವು. ಜರ್ಮನಿಯ ಸೇನಾಧಿಕಾರಿಗಳು ಸಮಾರಂಭಗಳಲ್ಲಿ ಸೊಂಟಕ್ಕೆ ತೂಗಿಸಿಕೊಳ್ಳುತ್ತಿದ್ದ ಬಾಕುಗಳು ಈ ಎರಡನೆಯ ಜಾತಿಗೆ ಸೇರಿದುವು. ಯೂರೋಪು ಅಮೆರಿಕಗಳಲ್ಲಿ ಇವನ್ನು ಹುಡುಕಿ ಹುಡುಕಿ ಕೂಡಿಡುವವರು ಅನೇಕರಿದ್ದಾರೆ. ಕ್ರೂರವಾದ ಆಳಿಕೆಯೊಂದರ ಒಡವೆಗಳನ್ನು ಸಂಗ್ರಹಿಸುವುದು ತರವೆ ಎಂದು ಶ್ರೋತೃಗಳು ಕೇಳಬಹುದು. ಉತ್ತರವನ್ನು ಆ ಅಲಗುಗಳಲ್ಲಿಯೇ ಹುಡುಕೋಣ.

ಇವುಗಳಲ್ಲಿ ಬಹುಪಾಲಿಗೆ ತವರೂರು ಸೋಲಿಂಗೆನ್. ವುಪ್ಪರ್ ನದಿಯ ಸಮೀಪದಲ್ಲಿರುವ ಈ ಪಟ್ಟಣವು ಮಧ್ಯಯುಗದಿಂದಲೂ ಕತ್ತಿಗಳಿಗೆ ಹೆಸರಾದುದು. ನೌಕಾಧಿಕಾರಿಗಳು ಬಾಕು ಧರಿಸುವ ಪದ್ಧತಿ 19ನೆಯ ಶತಮಾನದಲ್ಲಿಯೇ ಇದ್ದಿತು. 1933ರಲ್ಲಿ ನಾಟ್ಸಿಗಳು ಅಧಿಕಾರಕ್ಕೆ ಬಂದ ಮೇಲೆ ಈ ಪದ್ಧತಿ ಎಲ್ಲೆಡೆಗೂ ಹರಡಿತು. ಮೊದಲು ‘ಎಸ್.ಎ.’ ಎಂಬ ಕಂದುಡುಗೆಯ ದಳಕ್ಕೆ, 1935ರಲ್ಲಿ ಭೂಸೇನೆಯ ಅಧಿಕಾರಿಗಳಿಗೆ, ಹಾಗೆಯೇ ವಾಯುದಳ, ಸುಂಕ, ರೈಲ್ವೆಗಳಿಗೂ ಬೇರೆ ಬೇರೆ ಮಾದರಿಗಳು ಬಂದುವು. ಎಸ್.ಎ. ಬಾಕುವಿನ ಆಕಾರವನ್ನು 16ನೆಯ ಶತಮಾನದ ಸ್ವಿಸ್ ಬಾಕುವಿನಿಂದ ತೆಗೆದುಕೊಂಡರು. ನಿನ್ನೆ ಹುಟ್ಟಿದ ಪಕ್ಷಕ್ಕೆ ಪುರಾತನದ ವೇಷ ಬೇಕಾಗಿತ್ತು.

1945ರಲ್ಲಿ ಜರ್ಮನಿ ಸೋತಾಗ ಅಮೆರಿಕದ ಸೈನಿಕರು ಇಂತಹ ಬಾಕುಗಳನ್ನು ನೆನಪಿನ ವಸ್ತುಗಳಾಗಿ ಕೊಂಡೊಯ್ದರು. ಬೇಡಿಕೆ ಹೆಚ್ಚಿದಂತೆ ನಕಲುಗಳೂ ಹುಟ್ಟಿಕೊಂಡವು; ಹಳೆಯ ಬಿಡಿಭಾಗಗಳನ್ನು ಕೂಡಿಸಿ ಮಾಡಿದವೂ ಉಂಟು. ಆದುದರಿಂದ ಬಲ್ಲವನು ಹೊಳಪಿಗೆ ಮರುಳಾಗುವುದಿಲ್ಲ. ಅಲಗಿನ ಮೇಲೆ ಅಡ್ಡಲಾಗಿ ಬಿದ್ದ ಸಾಣೆಯ ನವಿರು ಗೆರೆಗಳನ್ನು ನೋಡುತ್ತಾನೆ. ಆಮ್ಲದಿಂದ ಕೊರೆದ ಅಕ್ಷರಗಳ ಅಂಚು ಸ್ಫುಟವಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ತಯಾರಕನ ಮುದ್ರೆ ಆ ಕಾಲಕ್ಕೂ ಆ ಮಾದರಿಗೂ ಹೊಂದುವುದೇ ಎಂದು ತೂಗುತ್ತಾನೆ. ಹಿಡಿ, ಅಲಗು, ಒರೆ ಮೂರೂ ಒಟ್ಟಿಗೆ ಮುಪ್ಪಾಗಿರಬೇಕು. ಹಳೆಯ ಅಲಗಿಗೆ ಹೊಸ ಒರೆ ಕಂಡರೆ ಅವನು ಎಚ್ಚರಗೊಳ್ಳುತ್ತಾನೆ.

ಇವುಗಳಲ್ಲಿ ಒಂದು ಬಗೆಯದನ್ನು ವಿಶೇಷವಾಗಿ ಹೇಳಬೇಕು. 1934ರ ಫೆಬ್ರುವರಿಯಲ್ಲಿ ಎಸ್.ಎ. ದಳದ ಮುಖ್ಯಸ್ಥನಾದ ಅರ್ನ್ಸ್ಟ್ ರೋಮ್ ತನ್ನ ಹಳೆಯ ಅನುಯಾಯಿಗಳಿಗೆ ಬಾಕುಗಳನ್ನು ಗೌರವಾರ್ಥವಾಗಿ ಹಂಚಿದನು. ಅಲಗಿನ ಹಿಂಬದಿಯಲ್ಲಿ ಸ್ನೇಹದ ಮಾತೂ ಅವನ ಹೆಸರೂ ಇದ್ದುವು. ಜೂನ್ 30ರಂದು ಹಿಟ್ಲರನು ಅವನನ್ನು ಸೆರೆಹಿಡಿಸಿದನು. ಮರುದಿನ ರೋಮ್ ಕೊಲೆಯಾದನು. ಕೂಡಲೇ ಆ ಹೆಸರನ್ನು ಉಜ್ಜಿ ಅಳಿಸಬೇಕೆಂದು ಅಪ್ಪಣೆಯಾಯಿತು. ಅಭಿಮಾನದಿಂದ ಧರಿಸಿದವರೇ ಅದನ್ನು ಸಾಣೆಗೆ ಕೊಟ್ಟರು. ಇಂದು ಹೆಸರು ಉಳಿದ ಅಲಗಿಗೆ ಬೆಲೆ ಹೆಚ್ಚು, ಅಳಿಸಿದ್ದಕ್ಕೆ ಕಡಮೆ. ಚರಿತ್ರೆಯ ವಿದ್ಯಾರ್ಥಿಗಾದರೋ ಈ ಲೆಕ್ಕ ತಲೆಕೆಳಗು. ಉಳಿದ ಹೆಸರು ಒಬ್ಬನ ಅಹಂಕಾರವನ್ನು ಹೇಳುತ್ತದೆ. ಉಜ್ಜಿದ ಗುರುತು ಸಾವಿರಾರು ಜನರ ಭಯವನ್ನು ಹೇಳುತ್ತದೆ.

ನಾಟ್ಸಿ ಚಿಹ್ನೆಗಳನ್ನು ಬಹಿರಂಗವಾಗಿ ಪ್ರದರ್ಶಿಸುವುದು ಜರ್ಮನಿಯಲ್ಲಿ ಅಪರಾಧ. ಬೋಧನೆ, ಸಂಶೋಧನೆ ಮೊದಲಾದುವಕ್ಕೆ ಮಾತ್ರ ವಿನಾಯಿತಿಯುಂಟು. ಈ ವಿವೇಕವನ್ನು ಸಂಗ್ರಾಹಕನೂ ತನ್ನದಾಗಿ ಮಾಡಿಕೊಳ್ಳಬೇಕು. ಸೋಲಿಂಗೆನ್ನಿನ ಕಮ್ಮಾರನ ಕೈಚಳಕವನ್ನು ಮೆಚ್ಚೋಣ. ಆದರೆ ಆ ಕೈಚಳಕ ಯಾರ ಸೇವೆಗೆ ಸಂದಿತೆಂಬುದನ್ನು ಮರೆಯದಿರೋಣ. ಪೂಜಿಸುವುದಕ್ಕಾಗಿ ಇಟ್ಟುಕೊಂಡರೆ ಅದು ಮೋಹ. ಓದುವುದಕ್ಕಾಗಿ ಇಟ್ಟುಕೊಂಡರೆ ಅದೂ ಒಂದು ಶಾಸನವೇ ಸರಿ.