ಸೈಕಲ್ ಸವಾರರ ಮಳೆ ಉಡುಪು ಮತ್ತು ಪರಿಕರಗಳು: ಮಲೆನಾಡಿನ ವರ್ತಕರು ಅರಿತಿರಬೇಕಾದ ಸಂಗತಿಗಳು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಸೈಕಲ್ ವ್ಯಾಪಾರವೆಂದರೆ ಬಹುಕಾಲದಿಂದ ಟೈರು, ಟ್ಯೂಬು, ಚೈನು, ಪೆಡಲು, ಬ್ರೇಕ್ ರಬ್ಬರುಗಳ ವ್ಯಾಪಾರವೇ ಆಗಿತ್ತು. ಸವಾರನ ಮೈಮೇಲಿನ ಬಟ್ಟೆ ಸೈಕಲ್ ಅಂಗಡಿಯವರ ಲೆಕ್ಕಕ್ಕೆ ಬರುತ್ತಿರಲಿಲ್ಲ; ಅದು ಜವಳಿ ಅಂಗಡಿಯವರ ಬಾಬ್ತು. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿದಾಗ ಬಸ್ಸು ಕಾಣದ ಹಳ್ಳಿಗಳಿಗೂ ಸೈಕಲ್ ಸೇರಿತಾದರೂ ಮಕ್ಕಳು ಮಳೆಗಾಲದಲ್ಲಿ ಶಾಲೆಗೆ ಹೋದದ್ದು ತೆಳು ಪ್ಲಾಸ್ಟಿಕ್ ಹಾಳೆ ಹೊದ್ದೇ. ಆ ವಿತರಣೆಯೂ ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಇನ್ನೊಂದೆಡೆ, 2009ರಲ್ಲಿ ಫ್ರಾನ್ಸ್ ಮೂಲದ ಡೆಕಾಥ್ಲಾನ್ ಸಂಸ್ಥೆ ಬೆಂಗಳೂರಿನಲ್ಲಿ ಮಳಿಗೆ ತೆರೆದ ತರುವಾಯ ಸೈಕಲ್ ಸವಾರರಿಗೆಂದೇ ಸಿದ್ಧಪಡಿಸಿದ ಜರ್ಸಿ, ಪ್ಯಾಡ್ ಇರುವ ಚಡ್ಡಿ, ಕೈಗವಸು, ಮಳೆ ಜಾಕೆಟ್‌ಗಳು ಸಾಮಾನ್ಯ ಗ್ರಾಹಕನ ಕಣ್ಣಿಗೆ ಬಿದ್ದವು. ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ರೈಲು, 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಉದ್ಘಾಟನೆಗೊಂಡ ಸೇತುವೆ, ಆಗುಂಬೆಯ ಘಾಟಿ ರಸ್ತೆ ಇವೆಲ್ಲ ಸೇರಿ ಈ ಮೂರು ತಾಲ್ಲೂಕುಗಳು ದೂರ ಪ್ರಯಾಣದ ಸವಾರರಿಗೂ ಹಾದಿಯಾಗಿವೆ. ಈ ಹಿನ್ನೆಲೆಯಲ್ಲಿ ಯಾವ ಸರಕನ್ನು ದಾಸ್ತಾನು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದು ಸಣ್ಣ ಪ್ರಶ್ನೆಯೇನಲ್ಲ. ತಪ್ಪಿದರೆ ಹಣ ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತದೆ.

ಮೊದಲಿಗೆ ನಿರೀಕ್ಷೆಯನ್ನು ಹುಸಿಗೊಳಿಸುವ ಸರಕಿನ ಮಾತು. ಬೆವರಿನ ಆವಿಯನ್ನು ಹೊರಬಿಟ್ಟು ಮಳೆನೀರನ್ನು ತಡೆಯುವ ಪೊರೆಯುಳ್ಳ ಜಾಕೆಟ್ ಈ ವರ್ಗದಲ್ಲಿ ಅತ್ಯಂತ ದುಬಾರಿ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಅವರು ಟೆಫ್ಲಾನ್ ಜಾತಿಯ ವಸ್ತುವನ್ನು ಹಠಾತ್ತನೆ ಹಿಗ್ಗಿಸಿ ಕಂಡುಕೊಂಡ ಸೂಕ್ಷ್ಮರಂಧ್ರಗಳ ಪೊರೆ ಇದರ ಮೂಲ. ಇದರ ತತ್ತ್ವ ಸರಳ: ಜಾಕೆಟ್ಟಿನ ಒಳಗೆ ಆವಿಯ ಒತ್ತಡ ಹೆಚ್ಚು, ಹೊರಗೆ ಕಡಿಮೆ ಇದ್ದರೆ ಆವಿ ಹೊರಹೋಗುತ್ತದೆ. ಶೀತಲ, ಒಣ ಹವೆಯ ದೇಶಗಳಲ್ಲಿ ಈ ವ್ಯತ್ಯಾಸ ಧಾರಾಳವಾಗಿ ದೊರೆಯುತ್ತದೆ. ಆದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯಲ್ಲಿ, ಕೆಲವು ವರ್ಷ ಅದನ್ನೂ ಮೀರಿಸುವ ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ, ಜುಲೈ ತಿಂಗಳ ಗಾಳಿ ತಾನೇ ನೀರಿನಿಂದ ತುಂಬಿರುತ್ತದೆ. ಒಳಗಿನ ಆವಿಗೆ ಹೋಗಲು ಜಾಗವಿಲ್ಲ. ಏರು ಹತ್ತುವ ಸವಾರ ಪೆಡಲಿಗೆ 100 ವ್ಯಾಟ್ ಶಕ್ತಿ ನೀಡಿದರೆ ಅದರ ಮೂರು-ನಾಲ್ಕು ಪಟ್ಟು ಶಾಖ ಅವನ ದೇಹದಿಂದ ಹೊರಬೀಳಬೇಕಾಗುತ್ತದೆ. ಪರಿಣಾಮವಾಗಿ ಸವಾರ ಹೊರಗಿನಿಂದಲ್ಲದಿದ್ದರೂ ಒಳಗಿನಿಂದ ತೊಯ್ದು ತೊಪ್ಪೆಯಾಗುತ್ತಾನೆ. ಜಾಕೆಟ್ ಸೋರುತ್ತಿದೆಯೆಂದು ಅಂಗಡಿಗೆ ಮರಳಿ ತರುವ ಗ್ರಾಹಕನ ದೂರಿಗೆ ಅನೇಕ ವೇಳೆ ಇದೇ ಕಾರಣ. ಸರಕು ಸೋರಿರುವುದಿಲ್ಲ, ಬೆವರು ಹನಿಗಟ್ಟಿರುತ್ತದೆ.

ಇದಕ್ಕೆ ಪ್ರತಿಯಾಗಿ, ಯಾರೂ ಹೆಚ್ಚೇನೂ ನಿರೀಕ್ಷಿಸದ ಸರಕೊಂದು ಇಲ್ಲಿ ಚೆನ್ನಾಗಿ ಒದಗುತ್ತದೆ. ಅದು ತೋಳಿಲ್ಲದ, ತಲೆಯಿಂದ ಇಳಿಬಿಟ್ಟು ಮುಂದೆ ಹ್ಯಾಂಡಲ್ ಮೇಲೆ ಹರಡಿಕೊಳ್ಳುವ ಮಳೆ ಹೊದಿಕೆ. ಪೇಟೆಯಲ್ಲಿ ಇದಕ್ಕೆ ಪಾಂಚೋ ಅಥವಾ ಕೇಪ್ ಎನ್ನುತ್ತಾರೆ. ಮಲೆನಾಡಿನ ಗದ್ದೆ ಕೆಲಸದವರು ತಲೆತಲಾಂತರದಿಂದ ಬಳಸಿದ ಕಂಬಳಿ ಕೊಪ್ಪೆಗೂ ಇದಕ್ಕೂ ರಚನೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎರಡರ ಗುಣವೂ ಒಂದೇ: ಕೆಳಗಡೆ ತೆರೆದಿರುವುದರಿಂದ ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಇನ್ನೊಂದು ಗುಣ ತಯಾರಕರಿಗೆ ಇನ್ನೂ ಮುಖ್ಯ. ಯಾವ ರೈನ್‌ಕೋಟೂ ಮೊದಲು ಸೋರುವುದು ಹೊಲಿಗೆಯಲ್ಲಿ, ಏಕೆಂದರೆ ಸೂಜಿ ಚುಚ್ಚಿದ ಪ್ರತಿ ತೂತೂ ನೀರಿನ ದಾರಿ. ದೊಡ್ಡ ಕಾರ್ಖಾನೆಗಳು ಹೊಲಿಗೆಯ ಮೇಲೆ ಬಿಸಿಗಾಳಿಯ ಯಂತ್ರದಿಂದ ಟೇಪ್ ಅಂಟಿಸುತ್ತವೆ. ಊರಿನ ದರ್ಜಿಗಳಲ್ಲಿ ಆ ಯಂತ್ರವಿಲ್ಲ. ಕೊಪ್ಪೆಯಾದರೋ ಒಂದೇ ಹಾಳೆಯ ಮಡಿಕೆ. ಹೆಗಲ ಮೇಲೆ ಹೊಲಿಗೆಯೇ ಇಲ್ಲ. ಲೇಪನವಿರುವ ನೈಲಾನ್ ಬಟ್ಟೆಯನ್ನು ಇದೇ ಕ್ರಮದಲ್ಲಿ ಕತ್ತರಿಸಿ, ತಲೆಗವಸಿಗೆ ಮಾತ್ರ ಹೊಲಿಗೆ ಹಾಕಿದರೆ ಟೇಪ್ ಯಂತ್ರವಿಲ್ಲದ ಸಣ್ಣ ಘಟಕವೂ ಸೋರದ ಸರಕನ್ನು ತಯಾರಿಸಬಲ್ಲದು. ಈ ಮೂರು ತಾಲ್ಲೂಕುಗಳ ಹೊಲಿಗೆ ಘಟಕಗಳು ಗಮನಿಸಬೇಕಾದ ಅವಕಾಶವಿದು.

ಕೇಪಿಗೆ ದೋಷವಿಲ್ಲವೆಂದಲ್ಲ. ಘಾಟಿಯ ಅಡ್ಡಗಾಳಿಗೆ ಅದು ಹಾಯಿಯಂತೆ ಉಬ್ಬುತ್ತದೆ. ಹೆಬ್ಬೆರಳಿಗೆ ಸಿಕ್ಕಿಸುವ ಪಟ್ಟಿ ಮತ್ತು ಸೊಂಟಕ್ಕೆ ಕಟ್ಟುವ ದಾರ ಇಲ್ಲದ ಕೇಪನ್ನು ಇಳಿಜಾರಿನ ಸವಾರನಿಗೆ ಮಾರುವುದು ಸರಿಯಲ್ಲ. ಕಾಲಿಗೆ ಕೆಳಗಿನಿಂದ ಸಿಡಿಯುವ ನೀರನ್ನೂ ಅದು ತಡೆಯದು. ಆ ಕೆಲಸ ಮಡ್‌ಗಾರ್ಡಿನದು. ಈಗಿನ ದಪ್ಪ ಟೈರಿನ ಸೈಕಲ್‌ಗಳು ಅನೇಕವು ಮಡ್‌ಗಾರ್ಡ್ ಇಲ್ಲದೆ, ಇಲ್ಲವೆ ಹೆಸರಿಗೊಂದು ತುಂಡು ಪ್ಲಾಸ್ಟಿಕ್ ಇಟ್ಟುಕೊಂಡು ಬರುತ್ತವೆ. ಚಕ್ರವನ್ನು ಪೂರಾ ಆವರಿಸುವ ಮಡ್‌ಗಾರ್ಡು, ಅದರ ತುದಿಗೆ ನೆಲದ ಹತ್ತಿರದವರೆಗೆ ಇಳಿಯುವ ರಬ್ಬರ್ ಪಟ್ಟಿ ಇವೆರಡು ಸವಾರನ ಬೆನ್ನು, ಪಾದ, ಜತೆಗೆ ಚೈನನ್ನೂ ಕೆಸರಿನಿಂದ ಕಾಯುತ್ತವೆ. ಅಗ್ಗದ ಸರಕು, ಅಳತೆಗಳ ಗೊಂದಲ ಕಡಿಮೆ, ಹಳತಾಗುವುದಿಲ್ಲ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ನಿಶ್ಚಿಂತೆಯ ದಾಸ್ತಾನು ಸೈಕಲ್ ಅಂಗಡಿಯಲ್ಲಿ ಬೇರೊಂದಿಲ್ಲ.

ಇನ್ನು ಮೈಗೆ ತಾಗುವ ಬಟ್ಟೆ. ಗಾಳಿಯ ತೇವಾಂಶ ಶೇಕಡ 65 ಇರುವಾಗ ಹತ್ತಿಯ ನೂಲು ತನ್ನ ತೂಕದ ಸುಮಾರು ಶೇ. 8.5ರಷ್ಟು, ಉಣ್ಣೆ ಸುಮಾರು ಶೇ. 16ರಷ್ಟು ತೇವವನ್ನು ಹೀರಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಕೇವಲ ಶೇ. 0.4. ಹತ್ತಿ ಒದ್ದೆಯಾದರೆ ಮೈಗಂಟಿ ಚಳಿ ಹುಟ್ಟಿಸುತ್ತದೆ, ಒಣಗಲು ಎರಡು ದಿನ ಬೇಡುತ್ತದೆ. ಉಣ್ಣೆ ಹೆಚ್ಚು ಹೀರಿದರೂ ನೂಲಿನ ಸುರುಳಿಗಳ ನಡುವೆ ಗಾಳಿಯನ್ನು ಹಿಡಿದಿಡುವುದರಿಂದ ಒದ್ದೆಯಾದಾಗಲೂ ಬೆಚ್ಚಗಿರುತ್ತದೆ. ಕಂಬಳಿಯ ಮಹಿಮೆ ಇದೇ. ಪಾಲಿಯೆಸ್ಟರ್ ಜರ್ಸಿಯನ್ನು ಹಿಂಡಿ ಬಚ್ಚಲ ಒಲೆಯ ಬಳಿ ಹಗ್ಗಕ್ಕೆ ಹಾಕಿದರೆ ಬೆಳಗ್ಗೆ ತೊಡಬಹುದು. ತೀರ ಸಮೀಪ ಹಾಕಿದರೆ ಸುಕ್ಕುಗಟ್ಟಿ ಕರಗುತ್ತದೆಂಬ ಎಚ್ಚರಿಕೆಯನ್ನು ಮಾರುವಾಗಲೇ ಹೇಳುವುದು ಒಳಿತು. ಹಾಗೆಂದು ಹತ್ತಿಯನ್ನು ತಳ್ಳಿಹಾಕಬೇಕಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿ 1996ರಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘವು ಸಹಜ ಬಣ್ಣದ ಕೈಮಗ್ಗದ ಹತ್ತಿಬಟ್ಟೆಗೆ ಹೆಸರಾಗಿದೆ. ಅಂತಹ ಸಡಿಲ ಹತ್ತಿ ಅಂಗಿ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಸಣ್ಣ ಓಡಾಟಕ್ಕೆ ಪಾಲಿಯೆಸ್ಟರಿಗಿಂತ ಹಿತ, ದುರ್ವಾಸನೆಯೂ ಕಡಿಮೆ. ಕಾಲಕ್ಕೆ ತಕ್ಕ ಸರಕು ಎಂಬುದಷ್ಟೇ ಇಲ್ಲಿನ ಮಾತು.

ಪ್ಯಾಡ್ ಚಡ್ಡಿಯನ್ನು ಕಂಡು ನಗುವವರೇ ಹೆಚ್ಚು. ಆದರೆ ಎರಡು ಗಂಟೆ ಮೀರಿದ ಸವಾರಿಗೆ ಅದು ನಿಜಕ್ಕೂ ಒದಗುತ್ತದೆ. ಒದ್ದೆ ಪ್ಯಾಂಟಿನ ನಡುಹೊಲಿಗೆ ತೊಡೆಸಂದಿಯನ್ನು ಉಜ್ಜಿ ಹುಣ್ಣು ಮಾಡುವುದನ್ನು ಹೊಲಿಗೆಯಿಲ್ಲದ ಪ್ಯಾಡು ತಪ್ಪಿಸುತ್ತದೆ. ಅದನ್ನು ಒಳಉಡುಪಿಲ್ಲದೆ ತೊಡಬೇಕು, ದಿನವೂ ಒಗೆಯಬೇಕು, ಸಂಕೋಚವಿರುವವರು ಮೇಲೆ ಸಾಮಾನ್ಯ ಪ್ಯಾಂಟ್ ಹಾಕಿಕೊಳ್ಳಬಹುದು. ವರ್ತಕನ ತೊಂದರೆ ಬೇರೆ: ತೊಟ್ಟ ಸರಕನ್ನು ಮರಳಿ ಪಡೆಯಲಾಗದು, ಅಳತೆಗಳೂ ಹಲವು. ಆದ್ದರಿಂದ ಎಲ್ಲ ಅಳತೆಗಳನ್ನು ಒಟ್ಟಿಗೆ ತರಿಸುವ ಬದಲು ನಡುವಿನ ಎರಡು ಅಳತೆಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬೇಡಿಕೆಯ ಮೇರೆಗೆ ತರಿಸುವುದು ಕ್ಷೇಮ.

ಸುರಕ್ಷತೆಯ ವಿಚಾರದಲ್ಲಿ ಒಂದು ಭೇದವನ್ನು ಮಾರಾಟಗಾರರೇ ಮರೆಯುತ್ತಾರೆ. ಕಣ್ಣು ಕುಕ್ಕುವ ಹಳದಿ-ಹಸಿರು ಬಣ್ಣ ಹಗಲಿನ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತದೆ. ಕತ್ತಲಲ್ಲಿ ಅದಕ್ಕೂ ಬೂದುಬಣ್ಣಕ್ಕೂ ಹೆಚ್ಚು ಅಂತರವಿಲ್ಲ. ಸೂಕ್ಷ್ಮ ಗಾಜಿನ ಮಣಿಗಳುಳ್ಳ ಪ್ರತಿಫಲಕ ಪಟ್ಟಿಯಾದರೋ ಬಂದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವುದರಿಂದ ರಾತ್ರಿ ಲಾರಿಯ ಚಾಲಕನಿಗೆ ದೂರದಿಂದಲೇ ಕಾಣಿಸುತ್ತದೆ. ಮಂಜು ಕವಿದ ಘಾಟಿಯಲ್ಲಿ ಕಪ್ಪು ರೈನ್‌ಕೋಟು ತೊಟ್ಟ ಸವಾರ ಇಲ್ಲದವನಂತೆಯೇ ಸರಿ. ಕೇಪಿನ ಬೆನ್ನಿಗೆ ಎರಡು ಗೇಣು ಪಟ್ಟಿ ಹೊಲಿಯುವ ಖರ್ಚು ಅತ್ಯಲ್ಪ. ಹೆಲ್ಮೆಟ್ ಮೋಟಾರು ವಾಹನ ಕಾಯ್ದೆಯಡಿ ಸೈಕಲ್ ಸವಾರನಿಗೆ ಕಡ್ಡಾಯವಲ್ಲದಿದ್ದರೂ, ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಒದ್ದೆ ರಿಮ್ಮಿನ ಬ್ರೇಕ್ ನಂಬಿ ಇಳಿಯುವವನಿಗೆ ಅದನ್ನು ತೋರಿಸದಿರುವುದು ವರ್ತಕನಿಗೆ ಭೂಷಣವಲ್ಲ. ಒಮ್ಮೆ ಬಲವಾಗಿ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಪದರ ಮತ್ತೆ ಕೆಲಸಕ್ಕೆ ಬಾರದು ಎಂಬುದನ್ನೂ ತಿಳಿಸಬೇಕು.

ತೆರಿಗೆಯ ಲೆಕ್ಕ

ದಿನಾಂಕ 22-9-2025ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಸಿದ್ಧ ಉಡುಪಿಗೆ ಪ್ರತಿ ನಗದ ಮಾರಾಟ ಮೌಲ್ಯ 2,500 ರೂಪಾಯಿವರೆಗೆ ಶೇ. 5, ಅದನ್ನು ಮೀರಿದರೆ ಶೇ. 18. ಈ ಗಡಿಯಲ್ಲೇ ಪೆಟ್ಟು ಬೀಳುವುದು. 2,500 ರೂಪಾಯಿಯ ಜರ್ಸಿ ಗ್ರಾಹಕನ ಕೈಗೆ 2,625ಕ್ಕೆ ಸೇರಿದರೆ, 2,600 ರೂಪಾಯಿಯದು 3,068ಕ್ಕೆ ಸೇರುತ್ತದೆ. ವರ್ತಕನಿಗೆ ಹೆಚ್ಚು ಸಿಕ್ಕಿದ್ದು 100, ಗ್ರಾಹಕ ಹೆಚ್ಚು ತೆತ್ತದ್ದು 443. ಬಿಲ್ಲಿನಲ್ಲಿಯೇ 100 ರೂಪಾಯಿ ರಿಯಾಯಿತಿ ತೋರಿಸಿದರೆ ಮಾರಾಟ ಮೌಲ್ಯ ಗಡಿಯೊಳಗೆ ಬರುತ್ತದೆ. ಲೇಪನವಿರುವ ಬಟ್ಟೆಯಿಂದ ಹೊಲಿದ ಕೇಪು ಉಡುಪಿನ ವರ್ಗಕ್ಕೆ ಸೇರುತ್ತದೆ; ಬರಿಯ ಪ್ಲಾಸ್ಟಿಕ್ ಹಾಳೆಯ ರೈನ್‌ಕೋಟು ಪ್ಲಾಸ್ಟಿಕ್ ವಸ್ತುಗಳ 39ನೇ ಅಧ್ಯಾಯಕ್ಕೆ ಸೇರುವುದರಿಂದ ಉಡುಪಿನ ದರ ಅನ್ವಯಿಸದು, ಅದರ ದರವನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ಹೆಲ್ಮೆಟ್ ಶೇ. 18ರಲ್ಲಿಯೇ ಇದೆ. ಇಳಿಕೆಗೆ ಮುನ್ನ ಶೇ. 12 ತೆತ್ತು ಕೊಂಡ ಹಳೆಯ ದಾಸ್ತಾನಿನ ಹೂಡುವಳಿ ತೆರಿಗೆ ಜಮೆಯನ್ನು ಮುಂದಿನ ತೆರಿಗೆಗೆ ಹೊಂದಿಸಿಕೊಳ್ಳಬಹುದೇ ಹೊರತು, ದರ ಇಳಿದ ಕಾರಣದಿಂದ ಉಳಿದದ್ದನ್ನು ನಗದಾಗಿ ಮರಳಿ ಕೇಳುವಂತಿಲ್ಲ.

ಬೂಷ್ಟಿನ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಮಳೆಗಾಲ ಕಳೆದ ಮೇಲೆ ಕೆಟ್ಟ ಕೈಗವಸು, ಚರ್ಮದ ಸೀಟುಗಳನ್ನು ಎಸೆದು ಲೆಕ್ಕದಿಂದ ತೆಗೆದುಹಾಕಿದರೆ, ಜಿಎಸ್‌ಟಿ ಕಾಯ್ದೆಯ 17(5)(ಹೆಚ್) ಕಲಮಿನಂತೆ ಅವುಗಳ ಮೇಲೆ ಪಡೆದ ಜಮೆಯನ್ನು ಹಿಂತಿರುಗಿಸಬೇಕು. ಉಚಿತವಾಗಿ ಹಂಚಿದರೂ ಅಷ್ಟೇ. ಅದೇ ಸರಕನ್ನು ಕೆಡುವ ಮುನ್ನ ಸೆಪ್ಟೆಂಬರಿನಲ್ಲಿ ಅಸಲಿಗಿಂತ ಕಡಿಮೆ ಬೆಲೆಗೆ ಮಾರಿದರೆ ಜಮೆ ಉಳಿಯುತ್ತದೆ, ಒಂದಿಷ್ಟು ಹಣವೂ ಕೈಸೇರುತ್ತದೆ. ಮಾರ್ಚ್ 31ರ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಕಟ್ಟುವುದು ನಿಯಮ. ಬಣ್ಣ ಮಾಸಿದ ಜಾಕೆಟ್ಟನ್ನು ಪೂರ್ಣ ಬೆಲೆಗೆ ಬರೆದುಕೊಂಡು ಇಲ್ಲದ ಲಾಭಕ್ಕೆ ಆದಾಯ ತೆರಿಗೆ ಕಟ್ಟುವವರು ಇಂದಿಗೂ ಇದ್ದಾರೆ.

ಕೊನೆಯದಾಗಿ ಪಾವತಿಯ ಅವಧಿ. ಲುಧಿಯಾನ, ತಿರುಪ್ಪೂರುಗಳ ತಯಾರಕರಲ್ಲಿ ಬಹುತೇಕರು ನೋಂದಾಯಿತ ಕಿರು ಅಥವಾ ಸಣ್ಣ ಉದ್ದಿಮೆಗಳು. ಅವರಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. 2023-24ನೇ ಸಾಲಿನಿಂದ, ಈ ಅವಧಿ ಮೀರಿ ವರ್ಷಾಂತ್ಯಕ್ಕೆ ಬಾಕಿ ಉಳಿದ ಖರೀದಿಯ ಖರ್ಚನ್ನು ಆದಾಯ ತೆರಿಗೆಯಲ್ಲಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಒಪ್ಪಲಾಗುತ್ತದೆ. ಮಳೆಗಾಲದ ಸರಕನ್ನು ಫೆಬ್ರವರಿಯಲ್ಲಿ ಉದ್ದರಿಗೆ ತರಿಸಿ, ಮಾರಾಟವಾದ ಮೇಲೆ ಜುಲೈನಲ್ಲಿ ಹಣ ಕೊಡುವ ಹಳೆಯ ಪದ್ಧತಿ ಇದರಿಂದ ಕಷ್ಟಕ್ಕೆ ಸಿಲುಕುತ್ತದೆ. ಏಪ್ರಿಲ್ ಕೊನೆಯಲ್ಲಿ ಬೇಡಿಕೆ ಸಲ್ಲಿಸಿ, 45 ದಿನಗಳ ಅವಧಿಯನ್ನು ಖರೀದಿ ಆದೇಶದಲ್ಲಿ ಲಿಖಿತವಾಗಿ ನಮೂದಿಸಿಕೊಂಡರೆ, ಸರಕು ಜೂನ್ ಮೊದಲ ಮಳೆಗೆ ಅಂಗಡಿಯಲ್ಲಿರುತ್ತದೆ. ಹಣ ಕೊಡುವ ದಿನ ಬರುವ ಹೊತ್ತಿಗೆ ಶಾಲೆಗಳೂ ತೆರೆದಿರುತ್ತವೆ.