ಖಿನ್ನತೆಯ ಗುಳಿಗೆ ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡಲಾಗದೇ?

'ತಲೆಯ ಗುಳಿಗೆ' ಚಟ ಹಿಡಿಸುತ್ತದೆ, ಒಮ್ಮೆ ತಗೊಂಡರೆ ಬಿಡಲಾಗದು ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಅಪಾಯ ಇರುವುದೂ ಅಲ್ಲೇ.

ಖಿನ್ನತೆ ಇದ್ದವರು ನಮ್ಮಲ್ಲಿ 'ಬೇಸರ' ಎಂದು ಹೇಳಿಕೊಂಡು ಬರುವುದು ಕಡಿಮೆ. ಮೈಕೈ ನೋವು, ತಲೆಭಾರ, ಊಟ ಸೇರುವುದಿಲ್ಲ, ನಸುಕಿನಲ್ಲೇ ಎಚ್ಚರ ಎನ್ನುತ್ತಾರೆ. ಇಂಥದ್ದರ ಜೊತೆ ಯಾವುದರಲ್ಲೂ ಆಸಕ್ತಿ ಇಲ್ಲದ ಸ್ಥಿತಿ ಎರಡು ವಾರ ಮೀರಿದರೆ ಖಿನ್ನತೆಯ ಅನುಮಾನ ಪಡಬೇಕು. ಆತಂಕದ ಕಾಯಿಲೆಯಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟಿದಂತಾಗುತ್ತದೆ, ಇಸಿಜಿ ಮಾತ್ರ ಸರಿಯಾಗಿರುತ್ತದೆ. (ಹಾಗೆಂದು ಎದೆನೋವನ್ನು 'ಟೆನ್ಷನ್' ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಮೊದಲು ಹೃದಯದ ಪರೀಕ್ಷೆಯಾಗಲಿ.)

ಈಗ ಗುಳಿಗೆಯ ವಿಷಯ. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆಯ ಔಷಧಗಳು ಮದ್ಯದಂತೆ ಚಟ ಹಿಡಿಸುವುದಿಲ್ಲ. ಚಟವಾಗಬಲ್ಲದ್ದು ಆಲ್ಪ್ರಜೋಲಾಮ್, ಕ್ಲೋನಜೆಪಾಮ್‌ನಂಥ ನಿದ್ದೆ ಮತ್ತು ಆತಂಕದ ಗುಳಿಗೆಗಳು. ವೈದ್ಯರು ಇವನ್ನು ಸಾಮಾನ್ಯವಾಗಿ ಸ್ವಲ್ಪ ದಿನಕ್ಕೆ ಮಾತ್ರ ಬರೆಯುತ್ತಾರೆ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತಂದುಕೊಂಡಾಗ ತೊಂದರೆ. ಸಂದೇಶ ಬರೆದವರು ಎರಡನ್ನೂ ಒಂದೇ ಡಬ್ಬಿಗೆ ಹಾಕಿದ್ದಾರೆ.

ಖಿನ್ನತೆಯ ಔಷಧ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟರೊಳಗೆ ವಾಕರಿಕೆ, ತಲೆನೋವು ಬಂದೀತು, ಹಲವರು ಅಲ್ಲೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಗುಣವಾದ ತಕ್ಷಣ ನಿಲ್ಲಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡಿಮಿಡಿ, ನಿದ್ದೆಗೇಡು ಕಾಣಿಸಿಕೊಂಡು 'ನೋಡಿ, ಚಟವಾಗಿದೆ' ಎನಿಸುತ್ತದೆ. ಗುಣವಾದ ಮೇಲೂ ಸುಮಾರು ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಕಡಿಮೆ ಮಾಡಿದರೆ ಹೆಚ್ಚಿನವರು ಬಿಡಬಹುದು. ಪದೇ ಪದೇ ಮರುಕಳಿಸುವವರಿಗೆ ಹೆಚ್ಚು ಕಾಲ ಬೇಕಾದೀತು. ಕಾಯಿಲೆ ಹಗುರವಾಗಿದ್ದರೆ ಗುಳಿಗೆಯೇ ಇಲ್ಲದೆ ಆಪ್ತಸಮಾಲೋಚನೆ ಸಾಕಾಗಬಹುದು.

ನಿಮ್ಹಾನ್ಸ್‌ನ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 100 ವಯಸ್ಕರಲ್ಲಿ ಸುಮಾರು 10 ಜನರಿಗೆ ಮಾನಸಿಕ ಕಾಯಿಲೆ ಕಂಡುಬಂತು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಗಳಿದ್ದವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅಂಥ ಮನೆಗಳಿಗೂ ಈ ಸಂದೇಶ ಹೋಗುತ್ತದೆ ಎಂಬುದೇ ನಮ್ಮ ಚಿಂತೆ.

ಬೊಬ್ರುವಾಡದವರು ಮೊದಲು ಅಂಕೋಲಾ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ಮನೋರೋಗ ತಜ್ಞರು ಬೇಕೆಂದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಹೋಗಲು ಸಂಕೋಚವಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ: ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. 14416ಕ್ಕೆ ಕಾಯಿಲೆಯವರೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.